ಮಾಯ್ದ ಗಾಯ, ಮಾಯದ ರೋಗ

ಹೆಸರೆತ್ತಲು ಸಂಕೋಚಪಡುವ ಕಾಯಿಲೆಯೊಂದರ ವಿಚಾರವನ್ನು ಈ ಹೊತ್ತು ನಿಮ್ಮ ಮುಂದಿಡುತ್ತಿದ್ದೇನೆ. ಹದಿನಾರನೆಯ ಶತಮಾನದ ಆಯುರ್ವೇದ ಗ್ರಂಥವಾದ ‘ಭಾವಪ್ರಕಾಶ’ ಇದನ್ನು ಫಿರಂಗ ರೋಗವೆಂದು ಕರೆಯಿತು. ಪರಂಗಿಯವರು ತಂದದ್ದೆಂದು ನಾವೆಂದೆವು. ಇಟಲಿಯವರು ಫ್ರೆಂಚರ ರೋಗವೆಂದರು. ಫ್ರೆಂಚರು ನೇಪಲ್ಸಿನ ರೋಗವೆಂದರು. ಎಲ್ಲರ ಬೆರಳೂ ನೆರೆಮನೆಯ ಕಡೆಗೇ. ಅದರ ಇಂದಿನ ಹೆಸರು ಸಿಫಿಲಿಸ್.

ವೈದ್ಯ ವಿದ್ಯಾರ್ಥಿಯಾಗಿದ್ದಾಗ ನಾನು ಈ ರೋಗಾಣುವನ್ನು ಮೊದಲು ಕಂಡೆ. ಅದನ್ನು ಕಾಣಲು ಹಿನ್ನೆಲೆಯನ್ನು ಕತ್ತಲಾಗಿಸುವ ಸೂಕ್ಷ್ಮದರ್ಶಕ ಬೇಕು. ಕಪ್ಪು ಆಕಾಶದಲ್ಲಿ ಬೆಳ್ಳಿಯ ಎಳೆಯೊಂದು ಸುರುಳಿ ಸುತ್ತಿಕೊಂಡು ಬಳುಕುತ್ತ ಸಾಗಿತ್ತು. ಅದರ ಅಗಲ ಮಿಲಿಮೀಟರಿನ ಐದು ಸಾವಿರದಲ್ಲೊಂದು ಪಾಲು. 1905ರಲ್ಲಿ ಬರ್ಲಿನ್ನಿನಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಎಂಬ ಇಬ್ಬರು ಇದನ್ನು ಮೊದಲು ಗುರುತಿಸಿದರು.

ನಮ್ಮ ರಕ್ತದ ಬಿಳಿಯ ಕಣಗಳು ಹಗೆಯನ್ನು ಗುರುತಿಸುವುದು ಅದರ ಮೈಮೇಲಿನ ಚಿಹ್ನೆಗಳಿಂದ. ಈ ಜೀವಿಯ ಹೊರಪೊರೆಯಲ್ಲಿ ಅಂಥ ಪ್ರೋಟೀನುಗಳು ತೀರ ವಿರಳ. ಅದು ದ್ವಿಗುಣವಾಗುವುದಕ್ಕೆ ಮೂವತ್ತು ಗಂಟೆಗೂ ಹೆಚ್ಚು ಕಾಲ ಬೇಕು. ಸದ್ದಿಲ್ಲದೆ ಬಂದವನನ್ನು ಕಾವಲುಗಾರ ತಡವಾಗಿ ಕಾಣುತ್ತಾನೆ. ಸೋಂಕು ತಗುಲಿ ಸುಮಾರು ಮೂರು ವಾರಕ್ಕೆ ನೋವಿಲ್ಲದ ಒಂದು ಹುಣ್ಣು ಏಳುತ್ತದೆ. ಅಷ್ಟರೊಳಗೆ ಶತ್ರು ರಕ್ತದಲ್ಲಿ ಬಹುದೂರ ಸಾಗಿರುತ್ತದೆ.

ಹಾಗೆಂದು ನಮ್ಮ ಕಣಗಳು ಹೇಡಿಗಳಲ್ಲ. ಟಿ ಕಣಗಳು ಹುಣ್ಣಿನ ಸುತ್ತ ನೆರೆದು ಇಂಟರ್‌ಫೆರಾನ್ ಎಂಬ ವಸ್ತುವನ್ನು ಸ್ರವಿಸುತ್ತವೆ. ಅದು ಭಕ್ಷಕ ಕಣಗಳನ್ನು ಎಚ್ಚರಿಸುತ್ತದೆ. ಬಿ ಕಣಗಳು ಹುಟ್ಟಿಸಿದ ಪ್ರತಿಕಾಯಗಳು ರೋಗಾಣುವಿಗೆ ಅಂಟಿಕೊಂಡೊಡನೆ ಭಕ್ಷಕಗಳು ಅದನ್ನು ನುಂಗುತ್ತವೆ. ಮೂರರಿಂದ ಆರು ವಾರದೊಳಗೆ, ಔಷಧವೇ ಇಲ್ಲದೆ, ಹುಣ್ಣು ಮಾಯುತ್ತದೆ. ಆದರೆ ಆ ಗೆಲುವು ಪೂರ್ಣವಲ್ಲ. ಈ ರೋಗಾಣುವಿನ ಒಂದು ಪ್ರೋಟೀನು ತನ್ನ ಏಳು ಭಾಗಗಳ ರೂಪವನ್ನು ಮತ್ತೆ ಮತ್ತೆ ಬದಲಿಸಬಲ್ಲದು. ನಿನ್ನೆಯ ಮುಖಕ್ಕೆ ಸಿದ್ಧವಾದ ಪ್ರತಿಕಾಯ ಇಂದಿನ ಮುಖವನ್ನು ಅರಿಯದು. ಹೀಗೆ ಉಳಿದ ಕೆಲವು ವರ್ಷಾನುಗಟ್ಟಲೆ ಅಡಗಿರುತ್ತವೆ. ಕೊನೆಗೆ ಕೆಲವರಲ್ಲಿ ಮಹಾಧಮನಿಯನ್ನೋ ಮಿದುಳನ್ನೋ ಕೆಡಿಸುತ್ತವೆ. ಆಗ ಏಳುವ ಗಡ್ಡೆಗಳಲ್ಲಿ ರೋಗಾಣುಗಳು ಅತಿ ವಿರಳ, ನಮ್ಮದೇ ಕಣಗಳು ಅಪಾರ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಎದೆನೋವೆಂದು ಬಂದ ಒಬ್ಬ ವೃದ್ಧರು ನನಗೆ ನೆನಪಾಗುತ್ತಾರೆ. ಅವರ ಮಹಾಧಮನಿ ಊದಿತ್ತು. ಯೌವನದಲ್ಲಿ ಹುಣ್ಣೊಂದು ಆಗಿತ್ತೇ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಆಗಿತ್ತು. ಹರಕೆ ಹೊತ್ತೆ, ವಾಸಿಯಾಯಿತು. ಮನೆಯವಳಿಗೆ ಹೇಳಲಿಲ್ಲ” ಎಂದರು. ಹೊರಗೆ ಬೆಂಚಿನ ಮೇಲೆ ಆಕೆ ಕುಳಿತಿದ್ದರು. ಇಬ್ಬರ ರಕ್ತಪರೀಕ್ಷೆಯೂ ಒಂದೇ ಮಾತು ಹೇಳಿತು. ಆಕೆಗೆ ಹುಟ್ಟಿದ ಮೊದಲೆರಡು ಕೂಸುಗಳಿಗೂ ಉಸಿರಿರಲಿಲ್ಲವಂತೆ. ತನ್ನ ಹಣೆಬರಹವೆಂದೇ ಆಕೆ ಅದನ್ನು ನಲವತ್ತು ವರ್ಷ ಹೊತ್ತಿದ್ದರು. ಅವಕ್ಕೆ ಕಾರಣ ಇದೇ ಎಂದು ಅಷ್ಟು ಕಾಲದ ಮೇಲೆ ಆಣೆಯಿಟ್ಟು ಹೇಳುವ ಹಾಗಿರಲಿಲ್ಲ. ಗರ್ಭದೊಳಗಿನ ಶಿಶುವನ್ನು ಈ ರೋಗಾಣು ಮುಟ್ಟಬಲ್ಲದು, ಕೊಲ್ಲಬಲ್ಲದು ಎಂಬುದನ್ನು ಮಾತ್ರ ನಾನು ಬಲ್ಲೆ. ಅದನ್ನು ಆಕೆಗೆ ಹೇಳಿದ ದಿನ ನನಗೆ ಊಟ ಸೇರಲಿಲ್ಲ.

1943ರಲ್ಲಿ ಅಮೆರಿಕದ ಮಹೋನಿ ಎಂಬ ವೈದ್ಯರು ಪೆನಿಸಿಲಿನ್ನಿನಿಂದ ಈ ರೋಗವನ್ನು ಗುಣಪಡಿಸಿದರು. ಇಂದಿಗೂ ರೋಗಾಣು ಅದಕ್ಕೆ ಮಣಿಯುತ್ತದೆ. ಆದರೆ ಆಗಿಹೋದ ಹಾನಿಯನ್ನು ಔಷಧ ತುಂಬಿಕೊಡದು. ಒಮ್ಮೆ ಗುಣವಾದವರಿಗೆ ಮತ್ತೆ ತಗುಲಬಹುದು. ತಡೆಯುವ ಲಸಿಕೆ ಇನ್ನೂ ಇಲ್ಲ. ಗರ್ಭಿಣಿಯರ ರಕ್ತಪರೀಕ್ಷೆಯನ್ನು ಮೊದಲ ತಿಂಗಳುಗಳಲ್ಲೇ ಮಾಡಿಸಬೇಕೆನ್ನುವುದು ಇದಕ್ಕಾಗಿಯೇ.

ದೇಹದೊಳಗೆ ಈ ರೋಗಾಣು ಅಡಗುವ ಎಡೆಗಳನ್ನು ಮುಚ್ಚುವುದು ನಮ್ಮ ಕೈಯಲ್ಲಿಲ್ಲ. ನಮ್ಮ ನಾಚಿಕೆಯಲ್ಲಿ ಅದು ಅಡಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಮಾಯ್ದ ಗಾಯವನ್ನು ನಂಬಬೇಡಿ. ವೈದ್ಯರ ಮುಂದೆ ಬಾಯಿಬಿಡಿ, ಮನೆಯವರ ಮುಂದೆಯೂ.