ಕಲ್ಲು ನೆಡುವ ಮುನ್ನ



ತೇನಿಯಿಂದ ಕಂಬದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ನೋಡಿ. ಬತ್ತದ ಗದ್ದೆ, ಬಾಳೆ, ತೆಂಗು, ದ್ರಾಕ್ಷಿ ಚಪ್ಪರ. ನಡುನಡುವೆ ಬಣ್ಣದ ಬಾವುಟಗಳು, ಸಾಲಾಗಿ ನೆಟ್ಟ ಪುಟ್ಟ ಕಲ್ಲುಗಳು. ಅಲ್ಲಿ ಇನ್ನು ಪೈರು ಬೆಳೆಯುವುದಿಲ್ಲ, ಮನೆಗಳು ಬೆಳೆಯುತ್ತವೆ. ಆ ಕಲ್ಲುಗಳ ಬಗ್ಗೆಯೇ ಇಂದು ನಾಲ್ಕು ಮಾತು.

ಮನೆಗಳು ಬೇಡವೆಂದು ನಾನು ಹೇಳುತ್ತಿಲ್ಲ. 1996ರಲ್ಲಿ ಮದುರೆಯಿಂದ ಬೇರೆಯಾಗಿ ತೇನಿ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಕಾಲೇಜುಗಳು ಬಂದವು. ಹಳಿ ಬದಲಿಸಲೆಂದು ನಿಂತುಹೋಗಿದ್ದ ರೈಲು 2022ರಲ್ಲಿ ತೇನಿಗೂ 2023ರಲ್ಲಿ ಬೋಡಿನಾಯಕನೂರಿಗೂ ಮರಳಿ ಬಂತು. ಜನ ಬಂದರೆ ಮನೆ ಬೇಕು. ಆದರೆ ಎಲ್ಲಿ ಬೇಕು ಎಂಬುದೇ ಪ್ರಶ್ನೆ.

ನಮ್ಮ ಕಣಿವೆಯ ಗದ್ದೆಗೆ ನೀರು ತಾನಾಗಿ ಬಂದದ್ದಲ್ಲ. 1895ರಲ್ಲಿ ಪೆನ್ನಿಕ್ವಿಕ್ ಅವರ ಉಸ್ತುವಾರಿಯಲ್ಲಿ ಮುಗಿದ ಮುಲ್ಲೈಪೆರಿಯಾರ್ ಅಣೆಕಟ್ಟಿನ ನೀರು, ಬೆಟ್ಟ ಕೊರೆದ ಸುರಂಗದಿಂದ ಇಳಿದು ಬಂದದ್ದು. ಆ ನೀರಿನಿಂದ ಕಂಬಂ ಕಣಿವೆಯಲ್ಲಿ 14,707 ಎಕರೆ ಇರುಬೆಳೆ ಭೂಮಿಯಾಗಿದೆ. ಇಲ್ಲಿಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಇಂಥ ಮಣ್ಣಿನ ಮೇಲೆ ಒಮ್ಮೆ ಸಿಮೆಂಟು ಬಿದ್ದರೆ ಮತ್ತೆ ಗದ್ದೆಯಾಗುವುದಿಲ್ಲ.

ನಮ್ಮ ಸೋದರಮಾವನವರ ಕಥೆ ಹೇಳುತ್ತೇನೆ. ಅವರು ಮಗಳ ಮದುವೆಗೆ ಆದೀತೆಂದು ಮೂರು ಸೆಂಟು ನಿವೇಶನ ಕೊಂಡರು. ದಲ್ಲಾಳಿ ನಕ್ಷೆ ತೋರಿಸಿದ, ರಸ್ತೆ ತೋರಿಸಿದ. ಅನುಮೋದನೆಯ ಕಾಗದವನ್ನು ಇವರು ಕೇಳಲಿಲ್ಲ, ಅವನು ಹೇಳಲಿಲ್ಲ. ಐಪ್ಪಸಿ ಮಳೆಗೆ ಅಲ್ಲಿ ಮೊಣಕಾಲುದ್ದ ನೀರು ನಿಂತಿತು. ವಿಚಾರಿಸಿದರೆ, ನಿವೇಶನದ ಅರ್ಧ ಭಾಗ ಹಳೆಯ ಕಾಲುವೆಯ ಜಾಗ! ಕಾಲುವೆ ಮುಚ್ಚಿದ್ದರಿಂದ ಕೆಳಗಿನ ನಾಲ್ಕು ರೈತರ ಗದ್ದೆಗೂ ನೀರಿಲ್ಲ. ಕೊಂಡವರಿಗೂ ನಷ್ಟ, ಉಳುವವರಿಗೂ ನಷ್ಟ.

ಅನುಮೋದನೆಯಿಲ್ಲದ ಬಡಾವಣೆಗಳ ನಿವೇಶನ ನೋಂದಣಿಯನ್ನು 2016ರ ಸೆಪ್ಟೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ತಡೆಯಿತು. 2017ರಲ್ಲಿ ಸರ್ಕಾರ ನಿಯಮ ತಂದು, ಶುಲ್ಕ ಕಟ್ಟಿ ಹಳೆಯ ನಿವೇಶನಗಳನ್ನು ಸಕ್ರಮ ಮಾಡಿಕೊಳ್ಳಲು ದಾರಿ ಕೊಟ್ಟಿತು. ಆದರೆ ಕೆರೆ, ಕಾಲುವೆಗಳ ಜಾಗಕ್ಕೆ ಆ ದಾರಿಯಿಲ್ಲ. ಮಾವನವರ ಹಣ ಮಣ್ಣಿನಲ್ಲೇ ಉಳಿಯಿತು. ಮದುವೆಯನ್ನು ಸಾಲ ಮಾಡಿ ನಡೆಸಿದರು.

ಹಾಗಾದರೆ ಯೋಜನೆ ಎಂದರೇನು? ಊರು ಬೆಳೆಯುವ ಮೊದಲೇ ವಾಸಕ್ಕೆ ಎಲ್ಲಿ, ಅಂಗಡಿಗೆ ಎಲ್ಲಿ, ಕಾರ್ಖಾನೆಗೆ ಎಲ್ಲಿ, ಬೇಸಾಯಕ್ಕೆ ಎಲ್ಲಿ ಎಂದು ನಿಶ್ಚಯಿಸುವುದು. ಅಡಿಗೆಮನೆಯನ್ನೂ ದನದ ಕೊಟ್ಟಿಗೆಯನ್ನೂ ನಾವು ಒಂದೇ ಕಡೆ ಕಟ್ಟುತ್ತೇವೆಯೇ? ಊರಿಗೂ ಅದೇ ನ್ಯಾಯ. ಇದನ್ನು ಮರೆತರೆ ಏನಾಗುತ್ತದೆಂಬುದಕ್ಕೆ ದಿಂಡಿಗಲ್ಲೇ ಸಾಕ್ಷಿ. ಅಲ್ಲಿಯ 13 ಹಳ್ಳಿಗಳಲ್ಲಿ ಒಂದು ಸ್ವಯಂಸೇವಾ ಸಂಸ್ಥೆ ಸಮೀಕ್ಷೆ ನಡೆಸಿದಾಗ 467 ಬಾವಿಗಳಲ್ಲಿ 350 ಕೆಟ್ಟಿದ್ದವು. ಚರ್ಮ ಹದಮಾಡುವ ಕಾರ್ಖಾನೆಗಳ ಮಾಲಿನ್ಯದ ಬಗ್ಗೆ ಸುಪ್ರೀಂ ಕೋರ್ಟು 1996ರಲ್ಲಿ ಕೊಟ್ಟ ತೀರ್ಪಿನಲ್ಲೇ ಈ ಲೆಕ್ಕವಿದೆ.

ತಮಿಳುನಾಡಿನಲ್ಲಿ ನಗರ ಮತ್ತು ಗ್ರಾಮಾಂತರ ಯೋಜನೆಯ ಕಾಯಿದೆ 1971ರಿಂದಲೇ ಇದೆ. ಅದರಂತೆ ಯೋಜನೆಯ ಕರಡನ್ನು ಪ್ರಕಟಿಸಿದಾಗ ಆಕ್ಷೇಪಣೆ ಹೇಳಲು ಜನರಿಗೆ ಎರಡು ತಿಂಗಳಿಗೆ ಕಡಿಮೆಯಿಲ್ಲದ ಕಾಲ ಕೊಡಬೇಕು. ಆಗ ಸುಮ್ಮನಿದ್ದು, ಕಲ್ಲು ನೆಟ್ಟ ಮೇಲೆ ಗದ್ದಲ ಮಾಡಿದರೆ ಪ್ರಯೋಜನ ಕಡಿಮೆ. ಗ್ರಾಮಸಭೆಯೂ ವರ್ಷಕ್ಕೆ ಆರು ಬಾರಿ ಸೇರುತ್ತದೆ: ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ನಮ್ಮೂರ ಕೆರೆ ಎಷ್ಟು, ಕಾಲುವೆ ಎಲ್ಲಿ ಹಾಯುತ್ತದೆ ಎಂದು ಅಲ್ಲಿ ಕೇಳಿ, ಬರೆಸಿ.

ನಿವೇಶನ ಕೊಳ್ಳುವವರಿಗೆ ಒಂದು ಮಾತು. ಪಟ್ಟಾ, ಚಿಟ್ಟಾ ನೋಡಿದರೆ ಸಾಲದು. ಅದು ನಂಜೈಯೋ ಪುಂಜೈಯೋ, ಎಂದರೆ ನಮ್ಮ ಮನೆಮಾತಿನಲ್ಲಿ ಗದ್ದೆಯೋ ಬೆದ್ದಲೋ ನೋಡಿ. ಅಳತೆಯ ನಕ್ಷೆ ತರಿಸಿ, ಕಾಲುವೆ ಇದೆಯೇ ನೋಡಿ. ಬಡಾವಣೆಗೆ ಅನುಮೋದನೆಯ ಸಂಖ್ಯೆ ಕೇಳಿ. 10,000 ಚದರ ಮೀಟರಿಗಿಂತ ದೊಡ್ಡದಾದರೆ, ರಸ್ತೆ ಕಳೆದು ಉಳಿದುದರಲ್ಲಿ ಶೇಕಡಾ 10 ಭಾಗ ಎಲ್ಲರ ಬಳಕೆಗೆ ಬಯಲಾಗಿ ಬಿಟ್ಟಿರಬೇಕು. ಮಕ್ಕಳು ಆಡುವ ಜಾಗ ಅದು.

ನಾವು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಆಡುವವರು. ಕಾಗದವನ್ನು ತಮಿಳಿನಲ್ಲಿ ಓದಿ, ಅದರ ಅರ್ಥವನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಬಲ್ಲೆವು. ಯಾವ ಗದ್ದೆಗೆ ಯಾವ ಕಾಲುವೆಯ ನೀರು ಎಂದು ಅಜ್ಜಿಗೆ ಗೊತ್ತು. ಅದನ್ನು ತಮಿಳಿನಲ್ಲಿ ಅರ್ಜಿ ಬರೆದು ಕೊಡುವುದು ಮೊಮ್ಮಕ್ಕಳಿಗೆ ಗೊತ್ತು. ಇಬ್ಬರೂ ಒಂದು ಸಂಜೆ ಕೂತು ಮಾತಾಡಿದರೆ ಊರಿನ ನಕ್ಷೆ ಅರ್ಧ ಸಿದ್ಧವಾದಂತೆಯೇ.

ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ.