ಹೊಸ್ತಿಲಾಚೆಯ ಕನ್ನಡ

ಕನ್ನಡಕ್ಕೆ ಜ್ಞಾನಪೀಠ ತಂದ ಸಾಹಿತಿಗಳಲ್ಲಿ ಮೂವರನ್ನು ಇಂದು ನೆನೆಯೋಣ. 1973ರಲ್ಲಿ ಬೇಂದ್ರೆ, ಮನೆಮಾತು ಮರಾಠಿ. 1983ರಲ್ಲಿ ಮಾಸ್ತಿ, ಮನೆಮಾತು ತಮಿಳು. 1998ರಲ್ಲಿ ಗಿರೀಶ ಕಾರ್ನಾಡ, ಮನೆಮಾತು ಕೊಂಕಣಿ. ಮನೆಯೊಳಗೆ ಒಂದು ನುಡಿ, ಹೊಸ್ತಿಲಾಚೆ ಕನ್ನಡ. ದಿನವೂ ಆ ಹೊಸ್ತಿಲು ದಾಟುವವರ ಕಿವಿ ಚುರುಕಾಗದೆ ಇದ್ದೀತೇ? ಬೇಂದ್ರೆಯವರ ಧಾರವಾಡದಲ್ಲಿ ಬೀಸುವ ಕಲ್ಲಿನ ಹಾಡು, ಓಣಿಯ ಆಡುಮಾತು ಉಳಿದವರಿಗೆ ದಿನನಿತ್ಯದ ಸದ್ದಾಗಿದ್ದವು. ಬೇಂದ್ರೆಯವರಿಗೆ ಅದೇ ಕಾವ್ಯದ ಲಯವಾಯಿತು.

ಇಂಥ ಹೊಸ್ತಿಲು ದಾಟುವಾಗ ‘ನಾನು ಇಲ್ಲಿಯವನಲ್ಲ, ಇಲ್ಲಿಯವಳಲ್ಲ’ ಎಂಬ ಅಳುಕು ನಿಮಗೂ ಇರಬಹುದು. ಅದನ್ನು ಮುಚ್ಚಿಡಬೇಡಿ. ರೂಢಿಯಿಂದಾಗಿ ಒಳಗಿನವರ ಕಣ್ಣಿಗೆ ಬೀಳದ್ದು ನಿಮಗೆ ಕಾಣುತ್ತದೆ. ಬರೆಯುವಾಗ, ಹಾಡುವಾಗ, ಚಿತ್ರ ಬಿಡಿಸುವಾಗ ಆ ನೋಟವನ್ನೇ ನೆಚ್ಚಿ. ಎಲ್ಲರಂತಾಗುವ ಅವಸರದಲ್ಲಿ ಅದನ್ನು ಕಳೆದುಕೊಳ್ಳಬೇಡಿ.