ದೊಡ್ಡವ್ವನ ಪತ್ರ

ಹುಬ್ಬಳ್ಳಿಯ ಕಾಲೇಜಿಗೆ ಹೋಗಿಬರುವ ನಮ್ಮ ಓಣಿಯ ಹುಡುಗಿ ಮೊನ್ನೆ ಬಸ್ಸಿಳಿದವಳೇ ಮನೆಗೆ ಬಂದು ಹ್ಯಾರಿ ಪಾಟರ್‌ನ ಏಳನೆಯ ಸಂಪುಟವನ್ನು ನನ್ನ ಕೈಗಿಟ್ಟಳು. ಗೆಳತಿಯ ಪುಸ್ತಕ. ನವಲಗುಂದದ ಬಸ್ಸಿನಲ್ಲಿ ಸೀಟು ಸಿಕ್ಕಾಗ ಕುಳಿತು, ಸಿಗದಾಗ ಕಂಬಿಗೆ ಒರಗಿ ನಿಂತು ಓದಿ ಮುಗಿಸಿದ್ದಳು. ‘ಹೆಂಗೈತಿ?’ ಎಂದೆ. ‘ಭಾಳ ಚಲೋ ಐತ್ರಿ ಅಕ್ಕೋರ. ಆದ್ರ ಆ ದೊಡ್ಡವ್ವನ್ನ ನೆನಸಿಕೊಂಡ್ರ ಕೆಟ್ಟ ಅನಸ್ತೈತ್ರಿ. ಆಕೀಗೂ ಹೋಗಬೇಕಂತ ಇತ್ತಲ್ರಿ’ ಅಂದಳು. ಮೊದಲಿನ ಆರು ಸಂಪುಟಗಳನ್ನು ಹಿಂದೆಯೇ ಓದಿದ್ದ ನನಗೆ ಇದೊಂದು ಉಳಿದಿತ್ತು. ಈ ವಾರ ಓದಿದೆ. ಆ ದೊಡ್ಡವ್ವ ನನ್ನನ್ನೂ ಬಿಡುತ್ತಿಲ್ಲ.

ದೊಡ್ಡವ್ವ ಎಂದರೆ ಹ್ಯಾರಿಯ ತಾಯಿ ಲಿಲಿಯ ಅಕ್ಕ, ಪೆಟೂನಿಯಾ. ತಂದೆತಾಯಿ ಇಲ್ಲದ ಹುಡುಗನನ್ನು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗಿಸುವವಳು. ಅವಳ ಮಗನಿಗೆ ಎರಡು ಕೋಣೆ, ಇವನಿಗೆ ಆ ಮಗ ಉಟ್ಟುಬಿಟ್ಟ ಅರಿವೆ. 1997ರಲ್ಲಿ ಬಂದ ಮೊದಲ ಸಂಪುಟದ ಮೊದಲ ಪುಟದಲ್ಲೇ ಲೇಖಕಿ ಜೆ. ಕೆ. ರೌಲಿಂಗ್ ಆಕೆಯ ಉದ್ದ ಕುತ್ತಿಗೆಯನ್ನೂ, ಬೇಲಿಯಾಚೆ ಇಣುಕಿ ನೆರೆಮನೆಯ ಸುದ್ದಿ ಹಿಡಿಯುವ ಚಟವನ್ನೂ ತೋರಿಸಿ ಓದುವವರನ್ನು ನಗಿಸುತ್ತಾರೆ.

ಆ ಸಂಪುಟದ ಪತ್ರದ ಪ್ರಸಂಗ ಮಾತ್ರ ನನಗೆ ಇವತ್ತಿಗೂ ಅಚ್ಚುಮೆಚ್ಚು. ಹನ್ನೊಂದು ತುಂಬುವ ಹೊತ್ತಿಗೆ ಹಾಗ್ವರ್ಟ್ಸ್ ಎಂಬ ಮಾಯಾಶಾಲೆಯಿಂದ ಹುಡುಗನಿಗೆ ಪತ್ರ ಬರುತ್ತದೆ. ದೊಡ್ಡಪ್ಪ ಹರಿದುಹಾಕುತ್ತಾನೆ, ಮತ್ತೆ ಬರುತ್ತದೆ. ಬಾಗಿಲಿನ ಸಂದಿಗೆ ಮೊಳೆ ಜಡಿದರೆ ಒಲೆಯ ಹೊಗೆಗೂಡಿನಿಂದ ಸುರಿಯುತ್ತದೆ. ಲಕೋಟೆಯ ಮೇಲೆ ಮನೆಯ ನಂಬರಷ್ಟೇ ಅಲ್ಲ, ಮೆಟ್ಟಿಲ ಕೆಳಗಿನ ಆ ಗೂಡೂ ಬರೆದಿದೆ. ನೀನು ಎಲ್ಲಿ ಮಲಗುತ್ತೀ ಎಂಬುದು ಎಲ್ಲೋ ದೂರದಲ್ಲಿ ಒಬ್ಬರಿಗೆ ಗೊತ್ತು! ಯಾರ ಲೆಕ್ಕದಲ್ಲೂ ಇಲ್ಲದ ಮಗುವಿಗೆ ಇದಕ್ಕಿಂತ ದೊಡ್ಡ ಮಾಯೆ ಏನಿದ್ದೀತು? ಮುಂದೆ ಬರುವ ಹಾರುವ ಪೊರಕೆ, ಮಂತ್ರದ ಕೋಲು ಎಲ್ಲ ಇದರ ಮುಂದೆ ಸಣ್ಣವೇ.

ಏಳನೆಯ ಸಂಪುಟ ಬಂದದ್ದು 2007ರಲ್ಲಿ. ಅದರ ಕೊನೆಯ ಭಾಗದಲ್ಲಿ, ಬೇರೊಬ್ಬರ ನೆನಪಿನೊಳಗೆ, ಅಕ್ಕತಂಗಿಯರು ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ ಜಗಳವಾಡುತ್ತಾರೆ. ತಂಗಿ ಮಾಯಾಶಾಲೆಗೆ ಹೊರಟಿದ್ದಾಳೆ. ಅದು ವಿಚಿತ್ರ ಮಂದಿಯ ಶಾಲೆ ಎಂದು ಅಕ್ಕ ಹಳಿಯುತ್ತಾಳೆ. ತಂಗಿಗೆ ತಡೆಯುವುದಿಲ್ಲ. ನನ್ನನ್ನೂ ಸೇರಿಸಿಕೊಳ್ಳಿ ಎಂದು ಅಲ್ಲಿಯ ಹೆಡ್‌ಮಾಸ್ತರರಿಗೆ ಅಕ್ಕ ಬರೆದಿದ್ದ ಪತ್ರದ ಮಾತನ್ನು ಎತ್ತಿಬಿಡುತ್ತಾಳೆ. ಅಕ್ಕನ ಮುಖ ಕೆಂಪಾಗುತ್ತದೆ. ಮಾಯೆ ಇಲ್ಲದ ಹುಡುಗಿ ಹಾಕಿದ ಪತ್ರ ಆ ಶಾಲೆಯನ್ನು ಮುಟ್ಟಿತ್ತು, ಉತ್ತರವೂ ಬಂದಿತ್ತು. ಸೀಟು ಮಾತ್ರ ಸಿಗಲಿಲ್ಲ.

ಇದನ್ನು ಓದಿದ ಮೇಲೆ ಮೊದಲ ಪುಟದ ಉದ್ದ ಕುತ್ತಿಗೆಗೆ ನಗು ಬರುವುದಿಲ್ಲ. ಬೇಲಿಯಾಚೆ ನೋಡುತ್ತ ನಿಂತೇ ದೊಡ್ಡವಳಾದ ಹುಡುಗಿ ಅವಳು.

ನಮ್ಮ ಕಡೆಯವರಿಗೆ ಇಲ್ಲಿ ನವೋದಯ ನೆನಪಾಗದೆ ಇರುತ್ತದೆಯೇ? 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಿಂದ ಬಂದ ಶಾಲೆಗಳು. ಐದನೆಯ ತರಗತಿಯ ಮಕ್ಕಳು ಪರೀಕ್ಷೆ ಬರೆಯುತ್ತಾರೆ, ಆಯ್ಕೆಯಾದವರು ಆರನೆಯ ತರಗತಿಗೆ ಮನೆ ಬಿಟ್ಟು ಹಾಸ್ಟೆಲ್ಲಿಗೆ ಹೋಗುತ್ತಾರೆ. ವಯಸ್ಸೂ ಹೆಚ್ಚುಕಡಿಮೆ ಹ್ಯಾರಿಯದೇ. ಶಾಲೆಗೆ ಹೆಚ್ಚೆಂದರೆ 80 ಸೀಟು, ಅದರಲ್ಲಿ ನೂರಕ್ಕೆ 75 ಹಳ್ಳಿಯ ಮಕ್ಕಳಿಗೆ. ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಎಲ್ಲ ಕಡೆಯೂ ಬೆಳಿಗ್ಗೆ ಶಾಲೆಯ ಗಂಟೆಗೆ ಮೊದಲೇ ಮಕ್ಕಳನ್ನು ಕೂಡ್ರಿಸಿಕೊಂಡು ಲೆಕ್ಕ ಬಿಡಿಸುವ, ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಈ ಆಕೃತಿ ಹೇಗೆ ಕಾಣುತ್ತದೆ ಎಂದು ಕೇಳುವ ಮಾಸ್ತರರಿದ್ದಾರೆ. ಒಮ್ಮೆ ಬರೆದವರು ಮತ್ತೊಮ್ಮೆ ಬರೆಯುವಂತಿಲ್ಲ. ಹತ್ತು ವರ್ಷದ ಮಗುವಿಗೆ ಅದು ಬಲು ದೊಡ್ಡ ಮಾತು.

ನನ್ನ ಕೈಯಲ್ಲಿ ಕಲಿತ ಅಕ್ಕತಂಗಿಯರಿದ್ದರು. ಅಕ್ಕ ಬರೆದ ವರ್ಷ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಮುಂದೆ ತಂಗಿ ಆಯ್ಕೆಯಾದಳು. ತಂಗಿ ಹೊರಡುವ ಹಿಂದಿನ ದಿನ ಅವರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಹೊಸ ಟ್ರಂಕು. ಅಕ್ಕನ ಅಕ್ಷರ ಚೆಂದ ಎಂದು ಅವ್ವ ಅವಳನ್ನೇ ಹೆಸರು ಬರೆಯಲು ಹಚ್ಚಿದ್ದಳು. ಬಿಳಿ ಪೇಂಟು ಇಳಿಯದಂತೆ ಬ್ರಶ್ಶನ್ನು ಡಬ್ಬಿಯ ಬಾಯಿಗೆ ಒರೆಸಿ ಒರೆಸಿ, ತಂಗಿಯ ಹೆಸರನ್ನೂ ಕೆಳಗೆ ಶಾಲೆಯ ಹೆಸರನ್ನೂ ಬರೆದಳು. ಮುಗಿಸಿ ದೂರ ಸರಿದು ನೋಡಿ, ‘ಅಕ್ಕೋರ, ಸಾಲು ಸೊಟ್ಟ ಆಗಿಲ್ಲಲ್ರಿ?’ ಎಂದು ಕೇಳಿದಳು. ಆಗಿರಲಿಲ್ಲ. ಆ ಮನೆಯಲ್ಲಿ ಜಗಳವೇನೂ ಆಗಲಿಲ್ಲ, ಅಕ್ಕತಂಗಿಯರು ಇವತ್ತಿಗೂ ಅನ್ಯೋನ್ಯವಾಗಿದ್ದಾರೆ. ಆದರೆ ಶಾಲೆಯ ಹೆಸರನ್ನು ಬರೆಯುವಾಗ ಆ ಮಗುವಿನ ಕೈ ಎಷ್ಟು ನಿಧಾನವಾಗಿ ಚಲಿಸಿತೆಂಬುದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ನವೋದಯದ ಬಾಗಿಲಿಗಾದರೂ ಒಂದು ಪರೀಕ್ಷೆ ಇದೆ. ಕಾದಂಬರಿಯಲ್ಲಿ ಅದೂ ಇಲ್ಲ, ಮಾಯೆ ಹುಟ್ಟಿನಿಂದಲೇ ಬರಬೇಕು. ಶುದ್ಧ ರಕ್ತದ ಜಂಬದವರನ್ನು ಖಳರನ್ನಾಗಿ ನಿಲ್ಲಿಸಿ, ಹಲ್ಲಿನ ಡಾಕ್ಟರರ ಮಗಳು ಹರ್ಮಾಯ್ನಿಯನ್ನು ಶಾಲೆಯ ಜಾಣೆಯನ್ನಾಗಿ ಮಾಡಿದ ಲೇಖಕಿಯ ದೊಡ್ಡತನಕ್ಕೆ ನಾನು ಕೈಮುಗಿಯುತ್ತೇನೆ. ಆದರೂ ಮಾಯೆ ಬಂದವರಿಗೂ ಬಾರದವರಿಗೂ ನಡುವಿನ ಗೋಡೆ ಏಳು ಸಂಪುಟಗಳಲ್ಲಿ ಒಂದಿಂಚೂ ಸರಿಯುವುದಿಲ್ಲ. ಆಚೆ ಉಳಿದವರ ಮನೆ, ಊಟ, ಸೋಫಾ, ಕಾರು ಎಲ್ಲ ನಗೆಪಾಟಲು. ಪುಸ್ತಕ ಹಿಡಿದು ಕುಳಿತ ಲಕ್ಷಾಂತರ ಮಕ್ಕಳು ಇರುವುದು ಆಚೆಯೇ ಅಲ್ಲವೇ? ಪತ್ರ ಬಾರದವರೇ ಅಲ್ಲವೇ ಅವರೆಲ್ಲ?

ನಮ್ಮ ವಯಸ್ಸಿನವರಿಗೆ ಇಂಥ ಲೋಕ ತೆರೆದದ್ದು ಚಂದಮಾಮದ ಧಾರಾವಾಹಿಗಳು. ‘ಯಕ್ಷಪರ್ವತ’, ‘ಮಾಯಾಸರೋವರ’ದಂಥವನ್ನು ತೆಲುಗಿನಲ್ಲಿ ಬರೆದವರು ದಾಸರಿ ಸುಬ್ರಹ್ಮಣ್ಯಂ. ಪತ್ರಿಕೆಯಲ್ಲಿ ಅವರ ಹೆಸರೇ ಅಚ್ಚಾಗುತ್ತಿರಲಿಲ್ಲ, ಚಿತ್ರದ ಮೂಲೆಯಲ್ಲಿ ಕಲಾವಿದ ‘ಚಿತ್ರಾ’ ಅವರ ಸಹಿ ಇರುತ್ತಿತ್ತು. ಅಲ್ಲಿಯ ಖಡ್ಗವರ್ಮ, ಜೀವದತ್ತರಿಗೆ ಯಾವ ಶಾಲೆಯೂ ಪತ್ರ ಹಾಕಲಿಲ್ಲ, ತಾವೇ ಎದ್ದು ಕಾಡು ಹೊಕ್ಕರು. ಅದು ನನಗೆ ಹೆಚ್ಚು ಹಿಡಿಸುತ್ತದೆ ಎನ್ನಬೇಕೆಂದರೆ, ನನಗೆ ನೆನಪಿರುವಷ್ಟರಲ್ಲಿ ಹಾಗೆ ಎದ್ದು ಹೊರಟವರೆಲ್ಲ ಗಂಡುಮಕ್ಕಳೇ. ರೌಲಿಂಗ್ ಅವರ ಲೋಕದಲ್ಲಿ ಹುಡುಗಿಯರೂ ರೈಲು ಹತ್ತುತ್ತಾರೆ. ಹೀಗಾಗಿ ನನ್ನ ತಕ್ಕಡಿ ಯಾವ ಕಡೆಗೂ ವಾಲಿ ನಿಲ್ಲುತ್ತಿಲ್ಲ.

ಅದೇ ಏಳನೆಯ ಸಂಪುಟದ ಆರಂಭದಲ್ಲಿ ದೊಡ್ಡವ್ವ ಮನೆ ಬಿಟ್ಟು ಹೊರಡುವಾಗ ಹ್ಯಾರಿಯತ್ತ ತಿರುಗಿ ಏನೋ ಹೇಳುವವಳಂತೆ ಒಂದು ಗಳಿಗೆ ನಿಲ್ಲುತ್ತಾಳೆ. ಹೇಳುವುದಿಲ್ಲ, ಹೋಗಿಬಿಡುತ್ತಾಳೆ. ಹತ್ತು ವರ್ಷ ಓದುಗರ ನಗೆಗೆ ಗುರಿಯಾದವಳಿಗೆ ಕಾದಂಬರಿ ಇನ್ನೊಂದೆರಡು ಪುಟ ಕೊಡಬಹುದಿತ್ತು.

ಇನ್ನು ಆ ಉತ್ತರ. ಹೆಡ್‌ಮಾಸ್ತರ್ ಡಂಬಲ್‌ಡೋರ್ ಆಕೆಗೆ ಬರೆದದ್ದರಲ್ಲಿ ಏನಿತ್ತು? ಬಹಳ ಮಮತೆಯ ಪತ್ರ ಎಂದು ತಂಗಿಯ ಬಾಯಲ್ಲಿ ಒಂದು ಮಾತು ಬರುತ್ತದೆ, ಅಷ್ಟೇ. ಮಂತ್ರಗಳನ್ನೆಲ್ಲ ಅಕ್ಷರ ಬಿಡದೆ ಕೊಟ್ಟ ಲೇಖಕಿ ಆ ಪತ್ರವನ್ನು ಕೊಡಲಿಲ್ಲ. ಏಳೂ ಸಂಪುಟಗಳಲ್ಲಿ ಇಲ್ಲದ ಅದನ್ನೇ ನಾನು ಓದಬೇಕಾಗಿತ್ತು. ಆಯ್ಕೆಯಾದ ಮಗುವಿಗೆ ಏನು ಮಾಡಬೇಕೆಂದು ನಮಗೆ ಗೊತ್ತು. ಪೇಢೆ ತಿನ್ನಿಸುತ್ತೇವೆ, ಪ್ರಾರ್ಥನೆಯ ಹೊತ್ತಿಗೆ ಮುಂದೆ ಕರೆದು ಚಪ್ಪಾಳೆ ಹೊಡೆಸುತ್ತೇವೆ. ಸಾಲಿನಲ್ಲಿ ನಿಂತು ಆ ಚಪ್ಪಾಳೆ ಹೊಡೆಯುವ ಉಳಿದ ಮಕ್ಕಳಿಗೆ, ಸುಳ್ಳು ಹೇಳದೆ, ಮನಸ್ಸು ಮುರಿಯದೆ, ಏನೆಂದು ಬರೆಯುವುದು? ಆ ಹೆಡ್‌ಮಾಸ್ತರರಿಗೆ ಅದು ಗೊತ್ತಿತ್ತಂತೆ. ಓದಲು ಸಿಕ್ಕಿದ್ದರೆ ನಮ್ಮ ತಾಲ್ಲೂಕಿನ ಶಾಲೆಗಳಲ್ಲಿ ಎಷ್ಟೋ ಜನ ಅದನ್ನು ನಕಲು ಮಾಡಿ ಇಟ್ಟುಕೊಳ್ಳುತ್ತಿದ್ದೆವು.